ವಿಂಡೋಸ್ ಶೇರ್ಡ್ ಡ್ರೈವ್‌ನ ಲಿನಕ್ಸ್‌ನಿಂದ ಸ್ಕ್ಯಾನ್ ಮಾಡಿದ್ರೆ ಏನು ಸಿಗುತ್ತೆ, ಏನು ತಪ್ಪಿಸಿಕೊಳ್ಳುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಹಸಿರು ಲೈನ್‌ನಲ್ಲಿ ಪೀಣ್ಯ ಕಡೆ ಹೊರಟವರಿಗೆ, ನೇರಳೆ ಲೈನ್‌ನಲ್ಲಿ ವೈಟ್‌ಫೀಲ್ಡ್‌ಗೆ ಹೊರಟವರಿಗೆ, ಹಳದಿ ಲೈನ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೊರಟವರಿಗೆ, ಮತ್ತೆ ಬಸ್ಸಲ್ಲಿ ನಿಂತ್ಕೊಂಡೇ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಪ್ರಶ್ನೆ ಸರಳವಾಗಿದೆ. ಕೆಲಸದ ಜಾಗದಲ್ಲಿ ಒಂದು ಶೇರ್ಡ್ ಡ್ರೈವ್ ಇದೆ. ಅದನ್ನು ಬಳಸೋ ಕಂಪ್ಯೂಟರ್‌ಗಳೆಲ್ಲ ವಿಂಡೋಸ್. ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಲಿನಕ್ಸ್ ಹಾಕಿದ್ದಾರೆ. ಆ ಲಿನಕ್ಸ್‌ನಿಂದ ಈ ಡ್ರೈವ್‌ನ ವೈರಸ್ ಹುಡುಕಬಹುದಾ? ಹುಡುಕಿದ್ರೆ ಆ ಉತ್ತರವನ್ನ ನಂಬಬಹುದಾ?

ಹುಡುಕಬಹುದು. ಕೆಲವು ಸಲ ವಿಂಡೋಸ್‌ಗಿಂತ ಚೆನ್ನಾಗಿಯೂ ಸಿಗುತ್ತೆ. ಆದರೆ 'ಏನೂ ಸಿಗಲಿಲ್ಲ' ಅಂತ ಬಂದಾಗ ಅದರ ಅರ್ಥ ಎಷ್ಟು ಚಿಕ್ಕದು ಅನ್ನೋದು ಗೊತ್ತಿರಬೇಕು. ಇವತ್ತು ಅಷ್ಟನ್ನೇ ಬಿಡಿಸಿ ಹೇಳ್ತೀನಿ.

ಒಂದು ಫೋಲ್ಡರ್, ಹತ್ತು ಕೈ

ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪ್ ಕಲ್ಪಿಸಿಕೊಳ್ಳಿ. ಕೆಳಗೆ ನಾಲ್ಕು ಸಿಎನ್‌ಸಿ ಮಷಿನ್, ಮೂಲೆಯಲ್ಲಿ ಇನ್‌ಸ್ಪೆಕ್ಷನ್ ಟೇಬಲ್. ಮೆಟ್ಟಿಲು ಹತ್ತಿದ್ರೆ ಆಫೀಸು. ಅಲ್ಲಿ ಡಿಸೈನ್ ಮಾಡೋ ಕಂಪ್ಯೂಟರ್ ಒಂದು, ಟ್ಯಾಲಿ ಇರೋದು ಒಂದು, ಮಾಲೀಕರ ಲ್ಯಾಪ್‌ಟಾಪ್ ಒಂದು. ಎಲ್ಲಕ್ಕೂ ಸೇರಿ ಒಂದೇ ಶೇರ್ಡ್ ಡ್ರೈವ್. ಗಿರಾಕಿ ಕಳಿಸಿದ ಡ್ರಾಯಿಂಗ್, ಮಷಿನ್‌ಗೆ ಹಾಕೋ ಪ್ರೋಗ್ರಾಂ, ಬಿಲ್ಲು, ಇನ್‌ಸ್ಪೆಕ್ಷನ್ ರಿಪೋರ್ಟು, ಹುಡುಗರ ಹಾಜರಿ ಎಲ್ಲ ಅದರೊಳಗೇ.

ಮಷಿನ್‌ಗೆ ನೆಟ್‌ವರ್ಕ್ ಇಲ್ಲದಿದ್ರೆ ಪೆನ್‌ಡ್ರೈವ್ ಬರುತ್ತೆ. ಆ ಪೆನ್‌ಡ್ರೈವ್ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ದಿನಕ್ಕೆ ಹತ್ತು ಸಲ ಓಡಾಡುತ್ತೆ. ಜೇಬಲ್ಲಿಟ್ಟುಕೊಂಡು ಓಡಾಡೋದು ಸಾಮಾನ್ಯವಾಗಿ ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ಸು, ಅಂದ್ರೆ ಈ ಕಾರ್ಯಕ್ರಮ ಕೇಳ್ತಿರೋ ನಿಮ್ಮ ವಯಸ್ಸಿನವರೇ. ಏನಾದ್ರೂ ಆದಾಗ ಮೊದಲು ಬೈಸಿಕೊಳ್ಳೋದೂ ಅವರೇ.

ಇಲ್ಲಿ ಪಣಕ್ಕಿರೋದು ಬರೀ ಕಂಪ್ಯೂಟರ್ ಅಲ್ಲ. ಒಂದು ಪಾರ್ಟಿನ ಪ್ರೋಗ್ರಾಂ ಫೈಲ್ ಸೈಜು ಕೆಲವು ಕೆಬಿ ಇರಬಹುದು. ಆದ್ರೆ ಅದರ ಹಿಂದೆ ಎಷ್ಟೋ ಸಲ ಟ್ರಯಲ್ ಹಾಕಿ, ಟೂಲ್ ಮುರಿದು, ಅಳತೆ ತಿದ್ದಿ ಸರಿಮಾಡಿದ ಕೆಲಸ ಇರುತ್ತೆ. ಆ ಫೋಲ್ಡರ್ ರಾತ್ರೋರಾತ್ರಿ ಲಾಕ್ ಆದ್ರೆ ಮಷಿನ್ ನಿಲ್ಲುತ್ತೆ, ಡೆಲಿವರಿ ತಪ್ಪುತ್ತೆ, ಓವರ್‌ಟೈಮ್ ಲೆಕ್ಕದಲ್ಲಿ ಬದುಕೋರ ಸಂಬಳಕ್ಕೆ ಹೊಡೆತ ಬೀಳುತ್ತೆ.

ಇನ್ನೊಂದು ತೊಡಕಿದೆ. ವಿಂಡೋಸ್ ಮೇಲೆ ನಡೆಯೋ ಹಳೇ ಮಷಿನ್ ಕಂಟ್ರೋಲರ್‌ಗಳಲ್ಲಿ ಎಕ್ಸ್‌ಪಿ ಅಥವಾ ವಿಂಡೋಸ್ 7 ಈಗಲೂ ಸಿಗುತ್ತೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಮಷಿನ್ ಗಟ್ಟಿಮುಟ್ಟಾಗಿದೆ, ಅದರೊಳಗಿನ ವಿಂಡೋಸ್ ಮಾತ್ರ ಮುದಿಯಾಗಿದೆ. ಆಂಟಿವೈರಸ್ ಹಾಕೋಣ ಅಂದ್ರೆ ಕಂಟ್ರೋಲರ್ ನಿಧಾನ ಆಗುತ್ತೆ, ಮಷಿನ್ ಕೊಟ್ಟ ಕಂಪನಿಯವರು ಒಪ್ಪೋದಿಲ್ಲ. ಒಳಗಿಂದ ನೋಡೋಕಾಗದಿದ್ದಾಗ ಹೊರಗಿಂದ ನೋಡಬೇಕು.

ಹೊರಗಿನ ಕಣ್ಣಿಗೆ ಏನು ಲಾಭ?

ಎರಡು ಲಾಭ ಇದೆ.

ಮೊದಲನೆಯದು, ವಿಂಡೋಸ್‌ಗೆ ಬರೆದ ವೈರಸ್ ಲಿನಕ್ಸ್‌ನಲ್ಲಿ ತಾನಾಗಿ ಓಡೋದಿಲ್ಲ. ವಿಂಡೋಸ್‌ನ ಇಎಕ್ಸ್‌ಇ ಫೈಲಿನ ಒಳರಚನೆಯೇ ಬೇರೆ, ಲಿನಕ್ಸ್ ಓಡಿಸೋ ಪ್ರೋಗ್ರಾಂನ ರಚನೆಯೇ ಬೇರೆ. ಲಿನಕ್ಸ್‌ಗೆ ಅದು ಬರೀ ಒಂದು ಫೈಲು, ಬಾಟಲಿಯೊಳಗಿನ ಚೇಳಿನ ಹಾಗೆ. 'ವೈನ್' ಅನ್ನೋ ತಂತ್ರಾಂಶ ಹಾಕಿದ್ರೆ ವಿಂಡೋಸ್ ಪ್ರೋಗ್ರಾಂಗಳು ಲಿನಕ್ಸ್‌ನಲ್ಲೂ ಓಡುತ್ತವೆ. ಹಾಗಾಗಿ ಸ್ಕ್ಯಾನ್ ಮಾಡೋ ಯಂತ್ರದಲ್ಲಿ ಅದು ಬೇಡ.

ಎರಡನೆಯದು ಇನ್ನೂ ಮುಖ್ಯ. ಸೋಂಕು ತಗುಲಿದ ವಿಂಡೋಸ್ ಸುಳ್ಳು ಹೇಳಬಲ್ಲದು. 'ಯಾವ ಫೈಲ್ ಇದೆ ತೋರಿಸು' ಅಂತ ಆಂಟಿವೈರಸ್ ಕೇಳೋದು ವಿಂಡೋಸನ್ನೇ. ರೂಟ್‌ಕಿಟ್ ಅನ್ನೋ ಬಗೆಯ ವೈರಸ್ ನಡುವೆ ನಿಂತು ತನ್ನ ಫೈಲನ್ನ ಪಟ್ಟಿಯಿಂದ ತೆಗೆದುಬಿಡುತ್ತೆ. ಹೊರಗಿಂದ ಬಂದ ಲಿನಕ್ಸ್ ಆ ವಿಂಡೋಸ್‌ನ ಮಾತನ್ನ ಕೇಳೋದೇ ಇಲ್ಲ, ಡಿಸ್ಕ್‌ನ ನೇರ ಓದುತ್ತೆ.

ಇದರ ಚಿಕ್ಕ ರೂಪವನ್ನ ನೀವೇ ನೋಡಿರ್ತೀರಿ. ಪೆನ್‌ಡ್ರೈವ್ ಹಾಕಿದ್ರೆ ಫೋಲ್ಡರ್‌ಗಳೆಲ್ಲ ಮಾಯ, ಬರೀ ಶಾರ್ಟ್‌ಕಟ್‌ಗಳು. ಝೆರಾಕ್ಸ್ ಅಂಗಡಿಯಿಂದ ತಂದ ಪೆನ್‌ಡ್ರೈವ್‌ನ ಹಳೇ ಕಾಯಿಲೆ ಅದು. ವೈರಸ್ ಏನೂ ಅಳಿಸಿರೋದಿಲ್ಲ. ನಿಜವಾದ ಫೋಲ್ಡರ್‌ಗೆ 'ಹಿಡನ್', 'ಸಿಸ್ಟಂ' ಅಂತ ಗುರುತು ಹಚ್ಚಿ, ಅದೇ ಹೆಸರಲ್ಲಿ ತನ್ನ ಶಾರ್ಟ್‌ಕಟ್ ಇಟ್ಟಿರುತ್ತೆ. ವಿಂಡೋಸ್ ಆ ಗುರುತು ನೋಡಿ ಫೋಲ್ಡರ್ ಮರೆಮಾಡುತ್ತೆ, ಲಿನಕ್ಸ್ ಸಾಮಾನ್ಯವಾಗಿ ಆ ಗುರುತಿಗೆ ಬೆಲೆ ಕೊಡೋದಿಲ್ಲ. ಅದೇ ಪೆನ್‌ಡ್ರೈವ್ ಲಿನಕ್ಸ್‌ಗೆ ಹಾಕಿ ನೋಡಿ, ಮಾಯವಾದ ಫೋಲ್ಡರ್ ಅಲ್ಲೇ ಇರುತ್ತೆ, ಪಕ್ಕದಲ್ಲೇ ಕಳ್ಳ ಶಾರ್ಟ್‌ಕಟ್ ಕೂಡ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಪೆನ್‌ಡ್ರೈವ್ ಅಥವಾ ಬಿಚ್ಚಿ ತಂದ ಹಾರ್ಡ್‌ಡಿಸ್ಕ್ ಆದ್ರೆ ಲಿನಕ್ಸ್ ಅದನ್ನ ನೇರವಾಗಿ ಓದುತ್ತೆ. ಶೇರ್ಡ್ ಡ್ರೈವ್ ಆದ್ರೆ ನೆಟ್‌ವರ್ಕ್ ಮೂಲಕ ಆ ಕಡೆಯ ಕಂಪ್ಯೂಟರನ್ನ ಕೇಳಿ ಓದುತ್ತೆ. ಆ ಕಡೆ ಕೂತಿರೋದೇ ಸೋಂಕಿನ ವಿಂಡೋಸ್ ಆಗಿದ್ರೆ, ಅದು ನೆಟ್‌ವರ್ಕ್ ಮೂಲಕವೂ ಸುಳ್ಳು ಹೇಳಬಹುದು. ಅನುಮಾನ ಬಲವಾಗಿದ್ರೆ ಆ ಕಂಪ್ಯೂಟರ್ ಆಫ್ ಮಾಡಿ, ಲಿನಕ್ಸ್ ಇರೋ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಬೇಕು. ಆಗ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ರೆ ಡಿಸ್ಕ್ ಅರೆನಿದ್ದೆಯಲ್ಲಿರುತ್ತೆ, ಓದೋಕೆ ಮಾತ್ರ ಸಿಗುತ್ತೆ. ನಮಗೂ ಅಷ್ಟೇ ಬೇಕಾಗಿರೋದು. ಬಿಟ್‌ಲಾಕರ್ ಇದ್ರೆ ಮಾತ್ರ ರಿಕವರಿ ಕೀ ಬೇಕೇ ಬೇಕು.

ಹೆಜ್ಜೆ ಹೆಜ್ಜೆಯಾಗಿ ಮಾಡೋದು ಹೇಗೆ?

ಮೊದಲ ಹೆಜ್ಜೆ ಅನುಮತಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಇರೋರಿಗೆ ಇದನ್ನ ಒತ್ತಿ ಹೇಳ್ತೀನಿ. ಸ್ವಂತ ಲ್ಯಾಪ್‌ಟಾಪ್ ತಗೊಂಡು ಹೋಗಿ ಕಂಪನಿಯ ಡ್ರೈವ್ ಸ್ಕ್ಯಾನ್ ಮಾಡಬೇಡಿ, ಐಟಿ ತಂಡಕ್ಕೆ ಹೇಳಿ. ಮಾಲೀಕರ ಒಪ್ಪಿಗೆ ಇಲ್ಲದೆ ಒಂದು ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಒಳಗೆ ಹೋಗೋದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತೆ. ಉದ್ದೇಶ ಒಳ್ಳೇದಿತ್ತು ಅಂತ ಆಮೇಲೆ ವಿವರಿಸ್ತಾ ಕೂರೋದು ಕಷ್ಟ. ಚಿಕ್ಕ ವರ್ಕ್‌ಶಾಪ್ ಆದ್ರೂ ಮಾಲೀಕರಿಂದ ಒಂದು ಮೆಸೇಜ್ ಹಾಕಿಸಿಕೊಳ್ಳಿ.

ಎರಡನೇ ಹೆಜ್ಜೆ, ಓದೋಕೆ ಮಾತ್ರ ಅವಕಾಶ ಇರೋ ಒಂದು ಬಳಕೆದಾರ ಖಾತೆ. ಶೇರ್ಡ್ ಡ್ರೈವ್ ಮಾತಾಡೋ ಭಾಷೆಗೆ ಎಸ್‌ಎಂಬಿ ಅಂತ ಹೆಸರು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಶುರುವಿನಲ್ಲೇ ಆ ಭಾಷೆಯನ್ನ ಬೇರೆ ಆಪರೇಟಿಂಗ್ ಸಿಸ್ಟಂಗೆ ಕಲಿಸೋ 'ಸಾಂಬಾ' ತಂತ್ರಾಂಶ ಬರೆಯೋಕೆ ಶುರುಮಾಡಿದ್ರು. ಇವತ್ತು ಉಬುಂಟು, ಮಿಂಟ್ ಯಾವುದೇ ಲಿನಕ್ಸ್ ಆಗಲಿ ವಿಂಡೋಸ್ ಡ್ರೈವ್‌ಗೆ ಸುಲಭವಾಗಿ ಸೇರಿಕೊಳ್ಳುತ್ತೆ. ಸೇರಿಸುವಾಗ 'ರೀಡ್ ಓನ್ಲಿ' ಅನ್ನೋ ಆಯ್ಕೆ ಕೊಡಿ. ಅಡ್ಮಿನ್ ಪಾಸ್‌ವರ್ಡ್ ಬಳಸಬೇಡಿ. ನೋಡೋಕೆ ಬಂದವನ ಕೈಗೆ ಬೀರುವಿನ ಕೀಲಿ ಯಾಕೆ?

ಮೂರನೇ ಹೆಜ್ಜೆ ಸ್ಕ್ಯಾನರ್. ಉಚಿತವಾಗಿ ಸಿಗೋದರಲ್ಲಿ ಹೆಸರುವಾಸಿ ಕ್ಲಾಮ್‌ಎವಿ. ಈಗ ಇದನ್ನ ಸಿಸ್ಕೊ ಕಂಪನಿಯ ಟ್ಯಾಲೋಸ್ ತಂಡ ನೋಡಿಕೊಳ್ಳುತ್ತೆ. ಲಿನಕ್ಸ್ ಮೇಲ್ ಸರ್ವರ್‌ಗಳಲ್ಲಿ ಕೂತು, ವಿಂಡೋಸ್ ಬಳಸೋರಿಗೆ ಹೋಗೋ ಮೇಲ್‌ನಲ್ಲಿ ವೈರಸ್ ಹಿಡಿಯೋದು ಇದರ ಹಳೇ ಕಸುಬು. ಮೊದಲು 'ಫ್ರೆಶ್‌ಕ್ಲಾಮ್' ಓಡಿಸಿ ವೈರಸ್ ಗುರುತಿನ ಪಟ್ಟಿ ಹೊಸದು ಮಾಡಿಕೊಳ್ಳಿ, ಆಮೇಲೆ 'ಕ್ಲಾಮ್‌ಸ್ಕ್ಯಾನ್' ಓಡಿಸಿ. ಒಳಫೋಲ್ಡರ್‌ಗಳನ್ನೂ ನೋಡು, ಸೋಂಕಿದ್ದದ್ದನ್ನ ಮಾತ್ರ ತೋರಿಸು, ಫಲಿತಾಂಶವನ್ನ ಒಂದು ಫೈಲಿಗೆ ಬರೆ, ಈ ಮೂರು ಆಯ್ಕೆ ಸಾಕು. ಅಳಿಸು ಅನ್ನೋ ಆಯ್ಕೆ ಬೇಡ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾಲ್ಕನೇ ಹೆಜ್ಜೆ ತಾಳ್ಮೆ. ಸ್ಕ್ಯಾನ್ ಅಂದ್ರೆ ಡ್ರೈವ್‌ನಲ್ಲಿ ಇರೋದನ್ನೆಲ್ಲ ನೆಟ್‌ವರ್ಕ್ ಮೇಲೆ ಎಳೆದು ಓದೋದು. ಲೆಕ್ಕ ಹಾಕಿ: 500 ಜಿಬಿ ಡೇಟಾ, 100 ಎಂಬಿಪಿಎಸ್ ನೆಟ್‌ವರ್ಕ್, ಪೂರ್ತಿ ವೇಗ ಸಿಕ್ಕಿದ್ರೂ 11 ಗಂಟೆ. ಗಿಗಾಬಿಟ್ ಆದ್ರೂ ಒಂದು ಗಂಟೆಗಿಂತ ಜಾಸ್ತಿ. ವಾರದ ರಜೆ ದಿನ ಇಟ್ಕೊಳ್ಳಿ, ಕೇಬಲ್ ಹಾಕಿ, ವೈಫೈ ಬೇಡ.

ಐದನೇದು, ಸ್ಕ್ಯಾನರ್ ನಿಜವಾಗಿ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷೆ. ಇದಕ್ಕಂತಲೇ 'ಐಕಾರ್' ಅನ್ನೋ 68 ಅಕ್ಷರದ ಒಂದು ಫೈಲ್ ಇದೆ. ಅದರಿಂದ ಯಾವ ಹಾನಿಯೂ ಇಲ್ಲ, ಆದ್ರೆ ಆಂಟಿವೈರಸ್‌ಗಳು ಒಪ್ಪಂದದ ಪ್ರಕಾರ ಅದನ್ನ ವೈರಸ್ ಅಂತ ತೋರಿಸುತ್ತವೆ. ಮಾಲೀಕರಿಗೆ ಹೇಳಿ, ಅವರ ಕೈಯಿಂದಲೇ ಡ್ರೈವ್‌ನ ಯಾವುದಾದರೂ ಆಳದ ಫೋಲ್ಡರ್‌ನಲ್ಲಿ ಇಡಿಸಿ. ನಿಮ್ಮ ಸ್ಕ್ಯಾನ್ ಅದನ್ನ ಹಿಡಿಯದಿದ್ರೆ ಉಳಿದದ್ದನ್ನೂ ಸರಿಯಾಗಿ ನೋಡಿಲ್ಲ ಅಂತ ಅರ್ಥ.

ಸಿಕ್ಕಿತು. ಈಗೇನು?

ತಕ್ಷಣ ಅಳಿಸಬೇಡಿ. ಮೊದಲ ಕಾರಣ, ಸ್ಕ್ಯಾನರ್‌ಗೂ ತಪ್ಪಾಗುತ್ತೆ. ಹಳೇ ಮಷಿನ್‌ಗೆ ಪ್ರೋಗ್ರಾಂ ಕಳಿಸೋ ಯಾವುದೋ ಕಾಲದ ತಂತ್ರಾಂಶವನ್ನೂ ಅದು ಅನುಮಾನದಿಂದ ನೋಡಬಹುದು. ಅಳಿಸಿಬಿಟ್ರೆ ಅದನ್ನ ಮತ್ತೆ ಎಲ್ಲಿಂದ ತರ್ತೀರಿ? ಫೈಲನ್ನ ಬೇರೆ ಜಾಗಕ್ಕೆ ಸರಿಸಿ ಬೀಗ ಹಾಕಿಡೋದು ಕ್ಷೇಮ. ಅದನ್ನೂ ಅಧಿಕಾರ ಇರೋರೇ ಮಾಡಲಿ.

ಎರಡನೇ ಕಾರಣ, ಆ ಫೈಲೇ ನಿಮ್ಮ ಸುಳಿವು. ಯಾವತ್ತು ಬಂತು, ಯಾವ ಬಳಕೆದಾರನ ಹೆಸರಲ್ಲಿ ಬಂತು ಅನ್ನೋದು ಫೈಲಿನ ಗುಣಲಕ್ಷಣದಲ್ಲಿ ಇರುತ್ತೆ. 'ಓನರ್' ಜಾಗದಲ್ಲಿ ಟ್ಯಾಲಿ ಕಂಪ್ಯೂಟರಿನ ಬಳಕೆದಾರನ ಹೆಸರಿದ್ರೆ, ಕಾಯಿಲೆ ಇರೋದು ಬಹುಶಃ ಆ ಕಂಪ್ಯೂಟರಲ್ಲಿ. ಡ್ರೈವ್‌ನಲ್ಲಿ ಇರೋದು ಅದರ ಕೆಮ್ಮಿನ ಹನಿ ಅಷ್ಟೇ. ಡ್ರೈವ್ ಮಾತ್ರ ಒರೆಸಿದ್ರೆ ನಾಳೆ ಬೆಳಗ್ಗೆ ಆ ಕಂಪ್ಯೂಟರ್ ಆನ್ ಆದ ತಕ್ಷಣ ಅದೇ ಫೈಲ್ ಮತ್ತೆ ಬಂದು ಕೂರುತ್ತೆ. ಮನುಷ್ಯರ ಮೇಲೆ ಕೂಗಾಡೋ ಮುಂಚೆ ಈ ಹೆಸರು, ಸಮಯ ನೋಡಿ. ಎಷ್ಟೋ ಸಲ ಪೆನ್‌ಡ್ರೈವ್ ಹಿಡಿದ ಹುಡುಗನದ್ದು ಏನೂ ತಪ್ಪಿರೋದಿಲ್ಲ.

ಮೂರನೇದು, ಗಿರಾಕಿಯ ಗುಟ್ಟು. ಅನುಮಾನ ಬಂದ ಫೈಲನ್ನ ವೈರಸ್‌ಟೋಟಲ್ ಅನ್ನೋ ತಾಣಕ್ಕೆ ಹಾಕಿ ನೋಡೋ ಅಭ್ಯಾಸ ತುಂಬಾ ಜನಕ್ಕಿದೆ. ಗೂಗಲ್ ಒಡೆತನದ ಒಳ್ಳೇ ತಾಣವೇ. ಆದ್ರೆ ಅಲ್ಲಿಗೆ ಹಾಕಿದ ಫೈಲನ್ನ ಅದರ ಜೊತೆ ಕೆಲಸ ಮಾಡೋ ಭದ್ರತಾ ಕಂಪನಿಗಳೂ, ಹಣ ಕೊಟ್ಟ ಚಂದಾದಾರರೂ ಪಡೆಯಬಹುದು. ರಕ್ಷಣಾ ಅಥವಾ ವಿಮಾನ ಬಿಡಿಭಾಗದ ಡ್ರಾಯಿಂಗ್ ಇದ್ರೆ ಒಪ್ಪಂದವೇ ಮುರಿದ ಹಾಗೆ. ಫೈಲಿನ ಬದಲು ಅದರ 'ಹ್ಯಾಶ್' ಹಾಕಿ ಹುಡುಕಿ. ಅದು ಫೈಲಿನ ಬೆರಳಚ್ಚಿನ ಥರ ಒಂದು ಉದ್ದನೇ ಸಂಖ್ಯೆ. ಒಳಗಿನ ವಿಷಯ ಹೊರಗೆ ಹೋಗೋದಿಲ್ಲ.

ಈ ಕಣ್ಣಿಗೆ ಕಾಣದ್ದು

ಈಗ ಕಷ್ಟದ ಭಾಗಕ್ಕೆ ಬರೋಣ. ಹೊರಗಿನ ಸ್ಕ್ಯಾನ್ ನೋಡೋದು ಕಪಾಟಿನಲ್ಲಿ ಇಟ್ಟಿರೋ ವಸ್ತುವನ್ನ. ಮನೆಯೊಳಗೆ ಓಡಾಡ್ತಿರೋರು ಅದಕ್ಕೆ ಕಾಣೋದಿಲ್ಲ. ವಿಂಡೋಸ್ ಕಂಪ್ಯೂಟರಿನ ಮೆಮೊರಿಯಲ್ಲಿ ಏನು ಓಡ್ತಿದೆ, ರಿಜಿಸ್ಟ್ರಿಯಲ್ಲಿ ಏನು ಬರೆದಿದೆ ಅನ್ನೋದು ಶೇರ್ಡ್ ಡ್ರೈವ್‌ನಲ್ಲಿ ಇರೋದೇ ಇಲ್ಲ. ಪಾಸ್‌ವರ್ಡ್ ಇರೋ ಜಿಪ್ ಫೈಲಿನ ಒಳಗೂ ಕಾಣೋದಿಲ್ಲ. ನಿಮ್ಮ ಖಾತೆಗೆ ಅನುಮತಿ ಇಲ್ಲದ ಫೋಲ್ಡರ್ ಕಾಣೋದಿಲ್ಲ. ಕ್ಲಾಮ್‌ಎವಿಗೆ ಸೈಜಿನ ಮಿತಿಯೂ ಇದೆ, ನೀವು ಬದಲಾಯಿಸದಿದ್ರೆ ದೊಡ್ಡ ಫೈಲುಗಳನ್ನ ಪೂರ್ತಿ ನೋಡದೆ ಮುಂದೆ ಹೋಗುತ್ತೆ. ಪಟ್ಟಿಗೆ ಇನ್ನೂ ಸೇರದ ಹೊಸ ವೈರಸ್ ತಪ್ಪಿಸಿಕೊಳ್ಳಬಹುದು.

2017ರ ಮೇ 12 ನೆನಪಿದೆಯಾ? ವನ್ನಾಕ್ರೈ ಹರಡಿದ ದಿನ. ಅದು ಯಾರೋ ಫೋಲ್ಡರ್‌ನಲ್ಲಿ ಫೈಲ್ ಇಟ್ಟು, ಇನ್ಯಾರೋ ಕ್ಲಿಕ್ ಮಾಡಿ ಹರಡಿದ್ದಲ್ಲ. ಅದೇ ಎಸ್‌ಎಂಬಿ ಭಾಷೆಯ ಹಳೇ ಆವೃತ್ತಿಯಲ್ಲಿದ್ದ ಬಿರುಕಿನಿಂದ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ತಾನೇ ನುಗ್ಗಿತು. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಜೂನ್ 27ರಂದು ನಾಟ್‌ಪೆಟ್ಯಾ ಅದೇ ಬಿರುಕನ್ನ ಬಳಸಿಕೊಂಡಾಗ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೆಲಸವೇ ನಿಂತಿತು.

ಕಾರ್ಖಾನೆಯವರಿಗೆ ಹತ್ತಿರದ ಪಾಠ 2018ರ ಆಗಸ್ಟ್‌ನದ್ದು. ತೈವಾನ್‌ನ ಟಿಎಸ್‌ಎಂಸಿ, ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ ಕಂಪನಿ. ಹೊಸ ಮಷಿನ್ ಒಂದಕ್ಕೆ ತಂತ್ರಾಂಶ ಹಾಕುವಾಗ ಆದ ಎಡವಟ್ಟಿನಿಂದ ವನ್ನಾಕ್ರೈನ ಒಂದು ರೂಪ ನೆಟ್‌ವರ್ಕ್‌ಗೆ ನುಗ್ಗಿ ಮಷಿನ್‌ಗಳು ನಿಂತವು. ಆ ತ್ರೈಮಾಸಿಕದ ಆದಾಯಕ್ಕೆ ಸುಮಾರು ಶೇ 3ರಷ್ಟು ಹೊಡೆತ ಬೀಳಬಹುದು ಅಂತ ಕಂಪನಿಯೇ ಮೊದಲು ಅಂದಾಜು ಮಾಡಿತ್ತು. ಹೊಸ ಮಷಿನ್ ನೆಟ್‌ವರ್ಕ್‌ಗೆ ಸೇರೋ ಮುಂಚೆ ಸ್ಕ್ಯಾನ್ ಆಗಬೇಕಿತ್ತು, ಆಗಿರಲಿಲ್ಲ. ಅಷ್ಟು ದೊಡ್ಡವರಿಗೇ ಹೀಗಾದರೆ ನಾಲ್ಕು ಮಷಿನ್‌ನ ಶೆಡ್ಡಿನ ಕಥೆ ಏನು?

ಬೇಲಿಯೇ ಎದ್ದು ಹೊಲ ಮೇಯ್ದರೆ?

'ಲಿನಕ್ಸ್‌ಗೆ ವೈರಸ್ ಬರಲ್ಲ' ಅನ್ನೋ ಮಾತು ಕಾಲೇಜು ಲ್ಯಾಬುಗಳಲ್ಲಿ ಈಗಲೂ ಓಡಾಡುತ್ತೆ. ಅದು ನಿಜ ಅಲ್ಲ. ವನ್ನಾಕ್ರೈ ಆದ ಎರಡೇ ವಾರದೊಳಗೆ ಸಾಂಬಾದಲ್ಲೇ ಒಂದು ಬಿರುಕು ಬಯಲಾಯಿತು. ಬರೆಯೋಕೆ ಅವಕಾಶ ಇರೋ ಶೇರ್‌ಗೆ ಒಂದು ಫೈಲ್ ಹಾಕಿ, ಅದನ್ನ ಲಿನಕ್ಸ್ ಸರ್ವರೇ ಓಡಿಸೋ ಹಾಗೆ ಮಾಡಬಹುದಿತ್ತು. 2010ರಿಂದ ಬಂದ ಆವೃತ್ತಿಗಳಲ್ಲೆಲ್ಲ ಆ ತೂತು ಇತ್ತು.

ನಮ್ಮೂರಿನದ್ದೇ ಉದಾಹರಣೆ ಬೇಕಾ? 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಮಾಲ್‌ವೇರ್ ದಾಳಿಗೆ ಸಿಕ್ಕಿ ಎಷ್ಟೋ ಮನೆ, ಅಂಗಡಿಗಳ ಇಂಟರ್ನೆಟ್ ನಿಂತಿತ್ತು. ಪೆಟ್ಟು ತಿಂದದ್ದು ಪಾಸ್‌ವರ್ಡ್ ಬದಲಾಯಿಸದೆ 'ಅಡ್ಮಿನ್' ಅಂತಲೇ ಬಿಟ್ಟಿದ್ದ ಮೋಡೆಮ್‌ಗಳು. ಅಂಥ ಪುಟ್ಟ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರೋದು ಲಿನಕ್ಸೇ.

ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನ್ ಕೂಡ ಲಿನಕ್ಸ್ ಕರ್ನಲ್ ಮೇಲೇ ನಿಂತಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ 'ಬಿಲ್' ಅನ್ನೋ ವಿಂಡೋಸ್ ವೈರಸ್ ಅದಕ್ಕೆ ಏನೂ ಮಾಡೋದಿಲ್ಲ. ಆದ್ರೆ ನೀವು ಕೇಬಲ್ ಹಾಕಿ ಆಫೀಸ್ ಕಂಪ್ಯೂಟರ್‌ಗೆ ಕಾಪಿ ಮಾಡಿದ್ರೆ ತಲುಪಬೇಕಾದ ಜಾಗಕ್ಕೆ ತಲುಪಿಸಿದ ಹಾಗೆ. ತನಗೆ ಜ್ವರ ಬರದೆ ಊರಿಗೆಲ್ಲ ಜ್ವರ ಹಂಚೋ ಸೊಳ್ಳೆ ಥರ. ಬೇರೆ ಆಪರೇಟಿಂಗ್ ಸಿಸ್ಟಂನವರು ಸ್ಕ್ಯಾನ್ ಮಾಡಬೇಕಾದ ಕಾರಣವೂ ಇದೇ.

ಹಾಗಾದ್ರೆ ಸೋಮವಾರದಿಂದ ಏನು ಮಾಡೋದು?

ಚಿಕ್ಕ ವರ್ಕ್‌ಶಾಪ್‌ಗೆ ನನ್ನ ಸಲಹೆ ಇಷ್ಟು. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಅಪ್‌ಡೇಟ್ ಮಾಡ್ತಾ ಇರಿ, ಬಾಗಿಲ ಬಳಿ ಇಡಿ. ಹೊರಗಿಂದ ಬಂದ ಯಾವ ಪೆನ್‌ಡ್ರೈವ್ ಆದ್ರೂ ಮೊದಲು ಅಲ್ಲಿ, ಆಮೇಲೆ ಮಷಿನ್‌ಗೆ. ಮಾಲೀಕರ ಪೆನ್‌ಡ್ರೈವ್‌ಗೂ ಇದೇ ನಿಯಮ. ಶೇರ್ಡ್ ಡ್ರೈವ್‌ನ ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ. ಎಲ್ಲರಿಗೂ ಎಲ್ಲ ಫೋಲ್ಡರ್‌ನಲ್ಲಿ ಬರೆಯೋ ಅನುಮತಿ ಬೇಡ. ಮಷಿನ್‌ಗೆ ಪ್ರೋಗ್ರಾಂ ಓದೋಕೆ ಸಿಕ್ಕರೆ ಸಾಕು. ವಿಂಡೋಸ್ ಕಂಪ್ಯೂಟರ್‌ಗಳ ಒಳಗಿನ ಆಂಟಿವೈರಸ್ ತೆಗೀಬೇಡಿ, ಎರಡೂ ಕಣ್ಣು ಬೇಕು.

ಎಲ್ಲಕ್ಕಿಂತ ಮುಖ್ಯ ಬ್ಯಾಕಪ್. ರ‍್ಯಾನ್ಸಮ್‌ವೇರ್ ನಿಮ್ಮದೇ ಪಾಸ್‌ವರ್ಡ್ ಬಳಸಿ, ನಿಮ್ಮದೇ ಅನುಮತಿಯಲ್ಲಿ ಫೈಲ್‌ಗೆ ಬೀಗ ಹಾಕುತ್ತೆ. ಬೀಗ ಬಿದ್ದ ಫೈಲ್ ವೈರಸ್ಸೇ ಅಲ್ಲ, ಹಾಗಾಗಿ ಸ್ಕ್ಯಾನರ್ ಅದನ್ನ 'ಕ್ಲೀನ್' ಅಂತಲೇ ಹೇಳಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕೇಬಲ್ ಕಿತ್ತು ಬೀರುವಿನಲ್ಲಿಟ್ಟ ಒಂದು ಹಾರ್ಡ್‌ಡಿಸ್ಕ್ ಮಾತ್ರ ಆಗ ಕೈಹಿಡಿಯುತ್ತೆ. ತಿಂಗಳಿಗೊಮ್ಮೆ ಅದರಿಂದ ಒಂದು ಪ್ರೋಗ್ರಾಂ ವಾಪಸ್ ತೆಗೆದು ಸರಿ ಇದೆಯಾ ನೋಡಿ.

ಸಹಾಯವೂ ಇದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2017ರಿಂದ 'ಸೈಬರ್ ಸ್ವಚ್ಛತಾ ಕೇಂದ್ರ' ನಡೆಸ್ತಿದೆ. ಅಲ್ಲಿ ಉಚಿತ ಶುದ್ಧೀಕರಣ ತಂತ್ರಾಂಶಗಳು, ಪೆನ್‌ಡ್ರೈವ್ ನಿಯಂತ್ರಿಸೋ 'ಯುಎಸ್‌ಬಿ ಪ್ರತಿರೋಧ್' ಸಿಗುತ್ತವೆ. ಕಂಪನಿಗಳು ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನೋ ನಿಯಮ 2022ರಿಂದ ಇದೆ. ಹಣ ಕಳಕೊಂಡಿದ್ರೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, ಲಿನಕ್ಸ್ ಸ್ಕ್ಯಾನ್ 'ಇಲ್ಲಿ ವೈರಸ್ ಇದೆ' ಅಂದ್ರೆ ಗಂಭೀರವಾಗಿ ತಗೊಳ್ಳಿ. 'ಏನೂ ಇಲ್ಲ' ಅಂದ್ರೆ, 'ನಾನು ನೋಡಿದ ಫೈಲುಗಳಲ್ಲಿ, ನನಗೆ ಗೊತ್ತಿರೋ ವೈರಸ್ ಸಿಗಲಿಲ್ಲ' ಅಂತ ಮಾತ್ರ ಓದಿಕೊಳ್ಳಿ. ನಿಮ್ಮ ಕೆಲಸದ ಜಾಗದಲ್ಲಿ ಬ್ಯಾಕಪ್ ಡಿಸ್ಕ್ ಎಲ್ಲಿದೆ ಅಂತ ಇವತ್ತೇ ಒಮ್ಮೆ ಕೇಳಿ ನೋಡಿ.